ಅಸರ್ಷನ್ ಲೈಬ್ರರಿಯನ್ನು ಹೊಂದಿಸುವ ಬಗೆ: ಫೇಲ್ ಆಗಬೇಕಾದ ಟೆಸ್ಟ್ ಫೇಲ್ ಆಗಲೇಬೇಕು

ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಬರುವ ಮೆಕ್ಕೆಜೋಳದ ಲೆಕ್ಕ ಮಾಡುವ ಒಂದು ಸಣ್ಣ ತಂತ್ರಾಂಶವನ್ನು ಊಹಿಸಿಕೊಳ್ಳೋಣ. ಊರಿನ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಆರಿಸಿಕೊಳ್ಳಬಹುದಾದಂಥ ಕೆಲಸ ಅದು. ರೈತರ ಹೆಸರು, ಊರು, ತೂಕ, ಕ್ವಿಂಟಲ್ ದರ ಮತ್ತು ತೇವಾಂಶವನ್ನು ಕೊಟ್ಟರೆ, ಅವರಿಗೆ ಸಲ್ಲಬೇಕಾದ ಹಣವನ್ನು ಲೆಕ್ಕ ಹಾಕಿ ಪಟ್ಟಿ ಮುದ್ರಿಸಿ ಕೊಡಬೇಕು. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ದರದಲ್ಲಿ 10 ಕ್ವಿಂಟಲ್ ಮಾಲಿಗೆ 24,000 ರೂಪಾಯಿ ಬರಬೇಕು. ಬರೆದ ಕೋಡ್ ನಿಜಕ್ಕೂ ಅಷ್ಟನ್ನೇ ಕೊಡುತ್ತದೆಯೇ ಎಂದು ತಾನಾಗಿಯೇ ಪರಿಶೀಲಿಸುವ ಸಾಲಿಗೆ ಅಸರ್ಷನ್ ಎನ್ನುತ್ತಾರೆ. ಅಂಥ ಸಾಲುಗಳನ್ನು ಬರೆಯಲು ಬೇಕಾದ ಸಲಕರಣೆಗಳನ್ನು ಒದಗಿಸುವುದೇ ಅಸರ್ಷನ್ ಲೈಬ್ರರಿ.

ಈ ವಿಚಾರ ಹೊಸದಲ್ಲ. ದೊಡ್ಡ ಪ್ರೋಗ್ರಾಂ ಒಂದರ ಸರಿತನವನ್ನು ಪರಿಶೀಲಿಸಬೇಕಾದವನಿಗೆ, ಬಿಡಿಬಿಡಿಯಾಗಿ ಪರೀಕ್ಷಿಸಬಹುದಾದ ಖಚಿತ ಹೇಳಿಕೆಗಳನ್ನು ಬರೆದುಕೊಡಬೇಕು ಎಂದು ಅಲನ್ ಟ್ಯೂರಿಂಗ್ 1949ರಲ್ಲಿಯೇ ಕೇಂಬ್ರಿಜ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಹೇಳಿದ್ದರು. ಇಂದು ಆ ಹೇಳಿಕೆಗಳನ್ನು ಬರೆಯುವುದು ಎಷ್ಟು ಸುಲಭವಾಗಿದೆಯೆಂದರೆ, ಅವುಗಳ ಹಿಂದೆ ಕೆಲಸ ಮಾಡುವ ಲೈಬ್ರರಿಯ ಸೆಟ್ಟಿಂಗ್‌ಗಳತ್ತ ಗಮನವೇ ಹೋಗುವುದಿಲ್ಲ. ಯಾವ ಎರಡು ಮೌಲ್ಯಗಳನ್ನು ಒಂದೇ ಎಂದು ಪರಿಗಣಿಸಬೇಕು ಎಂಬುದನ್ನೂ, ಅವು ಬೇರೆಯಾದಾಗ ಪ್ರೋಗ್ರಾಮರ್ ಕಣ್ಣಿಗೆ ಏನು ಬೀಳಬೇಕು ಎಂಬುದನ್ನೂ ತೀರ್ಮಾನಿಸುವುದು ಆ ಸೆಟ್ಟಿಂಗ್‌ಗಳೇ. ಫೇಲ್ ಆದ ಟೆಸ್ಟ್ ತನ್ನತ್ತ ಗಮನ ಸೆಳೆಯುತ್ತದೆ. ಫೇಲ್ ಆಗಬೇಕಾಗಿದ್ದೂ ಪಾಸ್ ಆದ ಟೆಸ್ಟನ್ನು ಯಾರೂ ತೆರೆದು ನೋಡುವುದಿಲ್ಲ. ಆದ್ದರಿಂದ ಲೈಬ್ರರಿಯನ್ನು ಹೊಂದಿಸುವಾಗ ಮುಖ್ಯವಾಗಿ ಕಾಯಬೇಕಾದದ್ದು ಈ ಎರಡನೆಯ ಅಪಾಯವನ್ನು.

ಚೌಕಟ್ಟು ಬೇರೆ, ತೀರ್ಪು ಬೇರೆ

ಟೆಸ್ಟಿಂಗ್ ಫ್ರೇಮ್‌ವರ್ಕ್ ಮಾಡುವ ಕೆಲಸ ಟೆಸ್ಟ್ ಫೈಲ್‌ಗಳನ್ನು ಹುಡುಕುವುದು, ಒಂದೊಂದನ್ನೂ ಓಡಿಸುವುದು ಮತ್ತು ಫಲಿತಾಂಶವನ್ನು ವರದಿ ಮಾಡುವುದು. ಬಂದ ಉತ್ತರ ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಅಸರ್ಷನ್ ಲೈಬ್ರರಿಯ ಕೆಲಸ. ಇವೆರಡರ ನಡುವಿನ ಮೂಲ ಒಪ್ಪಂದ ಬಹಳ ಸರಳ: ಹೇಳಿಕೆ ಸುಳ್ಳಾದರೆ ಲೈಬ್ರರಿ ಒಂದು ಎರರ್ ಎಸೆಯುತ್ತದೆ, ಎರರ್ ಬಂದ ಟೆಸ್ಟನ್ನು ಫ್ರೇಮ್‌ವರ್ಕ್ ವಿಫಲವೆಂದು ಗುರುತಿಸುತ್ತದೆ. ಎರರ್ ಬರದೆ ಫಂಕ್ಷನ್ ಮುಗಿದರೆ ಟೆಸ್ಟ್ ಪಾಸ್. ಒಂದೇ ಒಂದು ಅಸರ್ಷನ್ ಇಲ್ಲದ ಟೆಸ್ಟ್ ಕೂಡ ಇದೇ ನಿಯಮದಂತೆ ಪಾಸ್ ಆಗುತ್ತದೆ ಎಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಹೇಳಲಿರುವ ಹಲವು ತೊಂದರೆಗಳ ಬೇರು ಇದೇ.

ಈ ಎರಡು ಕೆಲಸಗಳನ್ನು ಹೇಗೆ ಹಂಚಿಕೊಳ್ಳಬೇಕು ಎಂಬಲ್ಲಿ ಫ್ರೇಮ್‌ವರ್ಕ್‌ಗಳ ದಾರಿಗಳು ಬೇರೆಬೇರೆ. ಜಾವಾಸ್ಕ್ರಿಪ್ಟ್ ಲೋಕದ ಮೋಕಾ ತನ್ನದೇ ಆದ ಅಸರ್ಷನ್ ಲೈಬ್ರರಿಯನ್ನು ಇಟ್ಟುಕೊಂಡಿಲ್ಲ. ಎರರ್ ಎಸೆಯುವ ಯಾವ ಲೈಬ್ರರಿಯಾದರೂ ಅದಕ್ಕೆ ಸಾಕು, ಸಾಮಾನ್ಯವಾಗಿ ಚಾಯ್ ಲೈಬ್ರರಿಯನ್ನೋ ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಸ್ವಂತ ಅಸರ್ಟ್ ಮಾಡ್ಯೂಲನ್ನೋ ಜೋಡಿಸುತ್ತಾರೆ. ಜೆಸ್ಟ್ ತನ್ನ ‘ಎಕ್ಸ್‌ಪೆಕ್ಟ್’ ಅನ್ನು ಹೊತ್ತುಕೊಂಡೇ ಬರುತ್ತದೆ. ವಿಟೆಸ್ಟ್ ಒಳಗೆ ಚಾಯ್ ಇಟ್ಟುಕೊಂಡು ಹೊರಗೆ ಜೆಸ್ಟ್‌ನ ಶೈಲಿಯನ್ನೂ ಒದಗಿಸುತ್ತದೆ. ಜಾವಾದ ಜೆಯೂನಿಟ್ 5 ಮೂಲಭೂತ ಅಸರ್ಷನ್‌ಗಳನ್ನು ಮಾತ್ರ ಕೊಟ್ಟು, ಹೆಚ್ಚಿನದಕ್ಕೆ ಅಸರ್ಟ್‌ಜೆ, ಹ್ಯಾಮ್‌ಕ್ರೆಸ್ಟ್ ಅಥವಾ ಟ್ರೂತ್ ಬಳಸಿರಿ ಎಂದು ತನ್ನ ಕೈಪಿಡಿಯಲ್ಲಿಯೇ ಹೇಳುತ್ತದೆ. ಪೈಥಾನ್ ಭಾಷೆಯ ಪೈಟೆಸ್ಟ್‌ನದು ಎಲ್ಲಕ್ಕಿಂತ ಭಿನ್ನವಾದ ದಾರಿ, ಅದನ್ನು ಮುಂದೆ ನೋಡೋಣ.

ಚಾಯ್ ಮತ್ತು ಮೋಕಾ, ಹತ್ತಿರದಿಂದ

ಲೈಬ್ರರಿ ಪ್ರತ್ಯೇಕವಾಗಿರುವ ಕಡೆ ಸೆಟ್ಟಿಂಗ್‌ಗಳ ಪಾತ್ರ ಸ್ಪಷ್ಟವಾಗಿ ಕಾಣುವುದರಿಂದ ಮೋಕಾ ಮತ್ತು ಚಾಯ್ ಜೋಡಿಯನ್ನು ತೆಗೆದುಕೊಳ್ಳುತ್ತೇನೆ. ಪ್ರತಿ ಟೆಸ್ಟ್ ಫೈಲಿನ ತಲೆಯಲ್ಲೂ ಚಾಯ್ ಅನ್ನು ತಂದು, ಅಲ್ಲಲ್ಲಿಯೇ ಅದರ ಸೆಟ್ಟಿಂಗ್ ಬದಲಿಸುವ ಅಭ್ಯಾಸ ಒಳ್ಳೆಯದಲ್ಲ. ಚಾಯ್‌ನ ಸೆಟ್ಟಿಂಗ್‌ಗಳು ಇಡೀ ಪ್ರಕ್ರಿಯೆಗೆ ಅನ್ವಯಿಸುವುದರಿಂದ ಒಂದು ಫೈಲಿನಲ್ಲಿ ಮಾಡಿದ ಬದಲಾವಣೆ ಅದರ ನಂತರ ಓಡುವ ಫೈಲ್‌ಗಳಿಗೂ ಅಂಟಿಕೊಳ್ಳುತ್ತದೆ. ಆಗ ಟೆಸ್ಟ್‌ಗಳ ವರ್ತನೆ ಅವು ಓಡುವ ಕ್ರಮವನ್ನು ಅವಲಂಬಿಸತೊಡಗುತ್ತದೆ. ಅದರ ಬದಲು ಪ್ರಾಜೆಕ್ಟ್‌ಗೆ ಒಂದೇ ಒಂದು ಸೆಟಪ್ ಫೈಲ್ ಇಟ್ಟು, ಮೋಕಾದ ಸಂರಚನಾ ಕಡತದ ‘ರಿಕ್ವೈರ್’ ಆಯ್ಕೆಯಲ್ಲಿ ಅದರ ಹೆಸರು ಬರೆದರೆ, ಟೆಸ್ಟ್‌ಗಳಿಗಿಂತ ಮೊದಲು ಅದು ಓಡುತ್ತದೆ. ಯಾರ್ಡಿನಲ್ಲಿ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಮೊದಲೇ ಬಿದ್ದಿರಬೇಕು. ಚೀಲ ಮೇಲಿಟ್ಟ ಮೇಲೆ ಒಬ್ಬೊಬ್ಬ ಹಮಾಲರೂ ತಮಗೆ ಬೇಕಾದಂತೆ ಮುಳ್ಳನ್ನು ಹೊಂದಿಸುವಂತಿಲ್ಲ. ಸೆಟಪ್ ಫೈಲ್ ಒಂದೇ ಇರಬೇಕೆನ್ನುವುದು ಅದಕ್ಕಾಗಿ.

ಆ ಫೈಲಿನಲ್ಲಿ ತೀರ್ಮಾನಿಸಬೇಕಾದ ಮೊದಲ ಸಂಗತಿ ಶೈಲಿ. ಚಾಯ್ ‘ಅಸರ್ಟ್’, ‘ಎಕ್ಸ್‌ಪೆಕ್ಟ್’ ಮತ್ತು ‘ಶುಡ್’ ಎಂಬ ಮೂರು ಶೈಲಿಗಳನ್ನು ಕೊಡುತ್ತದೆ. ಮೂರನೆಯದು ಜಾವಾಸ್ಕ್ರಿಪ್ಟ್‌ನ ಬಹುತೇಕ ಮೌಲ್ಯಗಳು ಗುಣಗಳನ್ನು ಪಡೆಯುವ ಮೂಲ ಆಬ್ಜೆಕ್ಟ್ ಪ್ರೋಟೊಟೈಪ್‌ಗೇ ಒಂದು ಗುಣವನ್ನು ಸೇರಿಸಿ ಕೆಲಸ ಮಾಡುತ್ತದೆ. ಓದಲು ಅದು ಇಂಪಾಗಿದ್ದರೂ, ನೋಂದಣಿಯಾಗದ ರೈತರ ದಾಖಲೆ ಕೇಳಿದಾಗ ಉತ್ತರವಾಗಿ ‘ನಲ್’ ಅಥವಾ ‘ಅನ್‌ಡಿಫೈನ್ಡ್’ (ಮೌಲ್ಯವೇ ಇಲ್ಲ ಎಂಬುದರ ಗುರುತುಗಳು) ಬಂದರೆ, ಆ ಗುಣ ಅವುಗಳಲ್ಲಿ ಇರುವುದೇ ಇಲ್ಲ. ಆಗ ‘ದಾಖಲೆ ಇರಬೇಕಿತ್ತು, ಇಲ್ಲ’ ಎಂಬ ತಿಳಿಯಾದ ಸಂದೇಶದ ಬದಲು ಅರ್ಥವಾಗದ ಟೈಪ್ ಎರರ್ ಬರುತ್ತದೆ. ಹೊಸ ಪ್ರಾಜೆಕ್ಟ್‌ಗೆ ‘ಎಕ್ಸ್‌ಪೆಕ್ಟ್’ ಒಂದನ್ನೇ ಆರಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮೂರನ್ನೂ ಬೆರೆಸಿದ ಪ್ರಾಜೆಕ್ಟನ್ನು ಓದುವುದು ಇನ್ನೂ ಕಷ್ಟ.

ಎರಡನೆಯದು ಸಂದೇಶದ ಉದ್ದ. ಚಾಯ್‌ನ ‘ಟ್ರಂಕೇಟ್ ಥ್ರೆಶೋಲ್ಡ್’ ಎಂಬ ಸೆಟ್ಟಿಂಗಿನ ಡೀಫಾಲ್ಟ್ ಬೆಲೆ 40. ಅಂದರೆ ಮೌಲ್ಯವೊಂದರ ಬರಹ ರೂಪ ಅಷ್ಟು ಅಕ್ಷರಗಳನ್ನು ಮೀರಿದರೆ ಸಂದೇಶದಲ್ಲಿ ಅದನ್ನು ಮೊಟಕುಗೊಳಿಸಲಾಗುತ್ತದೆ. ನಮ್ಮ ಪಟ್ಟಿಯ ಆಬ್ಜೆಕ್ಟ್‌ನಲ್ಲಿ ಹೆಸರು, ಊರು, ತೂಕ, ದರ, ತೇವಾಂಶ, ಕಡಿತ, ಒಟ್ಟು ಮೊತ್ತ ಎಲ್ಲವೂ ಇರುವುದರಿಂದ ಅದು 40 ಅಕ್ಷರಗಳನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಬಂದದ್ದು ಮತ್ತು ಬರಬೇಕಾದದ್ದು ಎರಡೂ ಮೊಟಕಾಗಿ, ನೋಡಲು ಒಂದೇ ಆಗಿ ಕಾಣುತ್ತವೆ. ‘ಶೋ ಡಿಫ್’ ಎಂಬ ಇನ್ನೊಂದು ಸೆಟ್ಟಿಂಗ್ ಮೊದಲಿನಿಂದಲೇ ಚಾಲೂ ಇರುವುದರಿಂದ ಪರದೆಯ ಮೇಲೆ ಕೆಳಗಡೆ ವ್ಯತ್ಯಾಸ ಕಾಣಬಹುದು, ಆದರೆ ವ್ಯತ್ಯಾಸವನ್ನು ಮುದ್ರಿಸದ ರಿಪೋರ್ಟರ್ (ಫಲಿತಾಂಶ ಬರೆಯುವ ಭಾಗ) ಬಳಸುವ ಸರ್ವರ್‌ಗಳಲ್ಲಿ ಉಳಿಯುವುದು ಆ ಮೊಟಕು ಸಾಲು ಮಾತ್ರ. ಬೆಲೆಯನ್ನು 0 ಎಂದು ಬದಲಿಸಿದರೆ ಮೊಟಕುಗೊಳಿಸುವುದು ನಿಲ್ಲುತ್ತದೆ. ವಿಟೆಸ್ಟ್ ಬಳಸುವವರಿಗೆ ಇದೇ ಸೆಟ್ಟಿಂಗ್ ‘ಚಾಯ್ ಕಾನ್ಫಿಗ್’ ಎಂಬ ಆಯ್ಕೆಯಡಿ ಸಿಗುತ್ತದೆ.

ಮೂರನೆಯದನ್ನು ಬದಲಿಸದೆ ಇರುವುದೇ ಒಳ್ಳೆಯದು. ಚಾಯ್‌ನಲ್ಲಿ ‘ಟ್ರೂ’, ‘ನಲ್’, ‘ಎಂಪ್ಟಿ’ ಮುಂತಾದ ಕೆಲವು ಅಸರ್ಷನ್‌ಗಳಿಗೆ ಆವರಣ ಚಿಹ್ನೆ ಬೇಕಾಗಿಲ್ಲ. ಗುಣದ ಹೆಸರನ್ನು ಬರೆದರೆ ಸಾಕು, ಪರೀಕ್ಷೆ ನಡೆಯುತ್ತದೆ. ಬರೆಯುವಾಗ ಅಕ್ಷರ ಹಿಂದುಮುಂದಾದರೆ ಏನಾಗುತ್ತದೆ? ಜಾವಾಸ್ಕ್ರಿಪ್ಟ್‌ನಲ್ಲಿ ಇಲ್ಲದ ಗುಣವನ್ನು ಕೇಳುವುದು ತಪ್ಪಲ್ಲ, ಸುಮ್ಮನೆ ‘ಅನ್‌ಡಿಫೈನ್ಡ್’ ಬರುತ್ತದೆ. ಯಾವ ಪರೀಕ್ಷೆಯೂ ನಡೆಯದೆ ಟೆಸ್ಟ್ ಪಾಸ್ ಆಗುತ್ತದೆ. ಇದನ್ನು ತಡೆಯಲೆಂದೇ ‘ಯೂಸ್ ಪ್ರಾಕ್ಸಿ’ ಎಂಬ ಸೆಟ್ಟಿಂಗ್ ಇದೆ. ಡೀಫಾಲ್ಟ್ ಆಗಿ ಚಾಲೂ ಇರುವ ಅದು ತಪ್ಪು ಹೆಸರು ಕಂಡ ಕೂಡಲೇ ಎರರ್ ಎಸೆಯುತ್ತದೆ. ಯಾವುದೋ ಹಳೆಯ ಸಲಹೆ ಓದಿ ಅದನ್ನು ಆಫ್ ಮಾಡಿರುವ ಪ್ರಾಜೆಕ್ಟ್ ಕೈಗೆ ಬಂದರೆ ಮೊದಲು ಅದನ್ನು ಮರಳಿ ಆನ್ ಮಾಡಬೇಕು.

ಲೈಬ್ರರಿಗೆ ಹೆಚ್ಚಿನ ಸೌಲಭ್ಯ ಕೊಡುವ ಪ್ಲಗಿನ್‌ಗಳನ್ನು ಸೇರಿಸುವ ಕ್ರಮವೂ ಇದೇ ಫೈಲಿನಲ್ಲಿ ನಿಲ್ಲಬೇಕು. ಪ್ರಾಮಿಸ್‌ಗಳನ್ನು, ಅಂದರೆ ಮುಂದೆ ಬರಲಿರುವ ಉತ್ತರಗಳನ್ನು, ಪರೀಕ್ಷಿಸುವ ‘ಚಾಯ್ ಆಸ್ ಪ್ರಾಮಿಸ್ಡ್’ ಎಂಬ ಪ್ಲಗಿನ್, ತಾನು ಸೇರುವ ಹೊತ್ತಿಗೆ ನೋಂದಣಿಯಾಗಿರುವ ಅಸರ್ಷನ್‌ಗಳನ್ನು ಮಾತ್ರ ಪ್ರಾಮಿಸ್‌ಗಳಿಗೆ ಹೊಂದಿಸುತ್ತದೆ, ಆದ್ದರಿಂದ ಅದು ಕೊನೆಯಲ್ಲಿ ಬರಬೇಕು. ಅದನ್ನು ಬಳಸುವ ಸಾಲಿನ ಮುಂದೆ ‘ಅವೇಟ್’ ಬರೆಯಲು ಮರೆತರೆ, ಇಲ್ಲವೇ ಪ್ರಾಮಿಸ್ ಅನ್ನು ಹಿಂದಿರುಗಿಸಲು ಮರೆತರೆ, ಉತ್ತರ ಬರುವ ಮೊದಲೇ ಟೆಸ್ಟ್ ಮುಗಿದು ಪಾಸ್ ಎಂದು ದಾಖಲಾಗಬಹುದು. ಇನ್ನು ಆವೃತ್ತಿಯ ಮಾತು: ಚಾಯ್ 5ರಿಂದ ಇಎಸ್ ಮಾಡ್ಯೂಲ್ (ಜಾವಾಸ್ಕ್ರಿಪ್ಟ್‌ನ ‘ಇಂಪೋರ್ಟ್’ ಪದ್ಧತಿ) ಆಗಿ ಮಾತ್ರ ಬರುತ್ತದೆ. ಹಳೆಯ ಪಾಠಗಳಲ್ಲಿ ಲೈಬ್ರರಿಯನ್ನು ತರುವ ‘ರಿಕ್ವೈರ್’ ಸಾಲನ್ನು ಹಳೆಯ ನೋಡ್‌ನಲ್ಲಿ ಹಾಗೆಯೇ ನಕಲು ಮಾಡಿದರೆ ಎರರ್ ಬರುವುದು ಇದೇ ಕಾರಣಕ್ಕೆ.

ಸಮಾನ ಎಂದರೆ ಎಷ್ಟು ಸಮಾನ?

ಅಸರ್ಷನ್ ಲೈಬ್ರರಿಯ ಹೃದಯ ಇರುವುದು ಹೋಲಿಕೆಯಲ್ಲಿ. ನಮ್ಮ ತಂತ್ರಾಂಶದ ಫಾರಂನಲ್ಲಿ ದರದ ಜಾಗಕ್ಕೆ 2400 ಎಂದು ಟೈಪ್ ಮಾಡಿದರೆ ಬ್ರೌಸರ್ ಅದನ್ನು ಸಂಖ್ಯೆಯಾಗಿ ಕೊಡುವುದಿಲ್ಲ, ಅಕ್ಷರಗಳ ಸಾಲಾಗಿ ಕೊಡುತ್ತದೆ. ಪರಿವರ್ತಿಸಲು ಮರೆತು ಅದಕ್ಕೆ 100 ರೂಪಾಯಿ ಪ್ರೋತ್ಸಾಹ ಧನ ಕೂಡಿಸಿದರೆ ಜಾವಾಸ್ಕ್ರಿಪ್ಟ್ 2500ರ ಬದಲು 2400100 ಎಂದು ಪಕ್ಕಪಕ್ಕ ಅಂಟಿಸಿ ಕೊಡುತ್ತದೆ. ಫಾರಂನಿಂದ ಬಂದ ದಾಖಲೆಯಲ್ಲಿ ದರ 2400 ಇದೆಯೇ ಎಂದು ನೋಡುವ ಟೆಸ್ಟ್ ಈ ತಪ್ಪನ್ನು ಮೊದಲೇ ಹಿಡಿಯಬೇಕಿತ್ತು. ಆದರೆ ನೋಡ್‌ನ ಅಸರ್ಟ್ ಮಾಡ್ಯೂಲನ್ನು ಹಳೆಯ ರೂಢಿಯಲ್ಲಿ ಬಳಸಿದರೆ ‘ಡೀಪ್ ಈಕ್ವಲ್’ ಎಂಬ ಫಂಕ್ಷನ್ ಎರಡು ಸಮಚಿಹ್ನೆಯ ಸಡಿಲ ಹೋಲಿಕೆ ಮಾಡುತ್ತದೆ. ಅದರ ಕಣ್ಣಿಗೆ 2400 ಎಂಬ ಸಂಖ್ಯೆಯೂ 2400 ಎಂಬ ಅಕ್ಷರಸಾಲೂ ಒಂದೇ. ಅದೇ ಮಾಡ್ಯೂಲಿನ ‘ಸ್ಟ್ರಿಕ್ಟ್’ ರೂಪವನ್ನು ತಂದುಕೊಂಡರೆ ಅದೇ ಹೆಸರಿನ ಫಂಕ್ಷನ್ ಕಟ್ಟುನಿಟ್ಟಾಗಿ ಹೋಲಿಸುತ್ತದೆ. ಬದಲಾಗುವುದು ಆಮದಿನ ಒಂದು ಸಾಲು ಮಾತ್ರ, ಆದರೆ ಇಡೀ ಪ್ರಾಜೆಕ್ಟಿನ ತೀರ್ಪುಗಳು ಬದಲಾಗುತ್ತವೆ.

ಜೆಸ್ಟ್‌ನಲ್ಲಿ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಬರುತ್ತದೆ. ‘ಟು ಈಕ್ವಲ್’ ಆಬ್ಜೆಕ್ಟ್‌ಗಳನ್ನು ಒಳಹೊಕ್ಕು ಹೋಲಿಸುತ್ತದಾದರೂ ‘ಅನ್‌ಡಿಫೈನ್ಡ್’ ಬೆಲೆಯ ಗುಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶಕ್ಕೆ ಶೇ 14ರ ಮಿತಿಯಿದೆ. ಮಿತಿಯೊಳಗಿನ ಮಾಲಿಗೆ ಕಡಿತದ ಜಾಗದಲ್ಲಿ ಸೊನ್ನೆ ಬರೆಯಬೇಕಾದ ಕೋಡ್ ಅದನ್ನು ‘ಅನ್‌ಡಿಫೈನ್ಡ್’ ಆಗಿ ಬಿಟ್ಟಿದೆ ಎನ್ನೋಣ. ಬರಬೇಕಾದ ಪಟ್ಟಿಯನ್ನು ಬರೆದವರೂ ಕಡಿತದ ಗುಣವನ್ನು ಬಿಟ್ಟಿದ್ದರೆ ‘ಟು ಈಕ್ವಲ್’ ತೃಪ್ತಿಯಾಗುತ್ತದೆ. ‘ಟು ಸ್ಟ್ರಿಕ್ಟ್ ಈಕ್ವಲ್’ ಆಗಿದ್ದರೆ ‘ಅನ್‌ಡಿಫೈನ್ಡ್’ ಬೆಲೆಯ ಕಡಿತವನ್ನು ಎತ್ತಿ ತೋರಿಸುತ್ತಿತ್ತು. ಹಣದ ದಾಖಲೆಗಳಿಗೆ ಎರಡನೆಯದನ್ನೇ ಪ್ರಾಜೆಕ್ಟಿನ ನಿಯಮವನ್ನಾಗಿ ಮಾಡಿಕೊಳ್ಳುವುದು ಯೋಗ್ಯ.

ದಶಮಾಂಶಗಳದ್ದು ಇನ್ನೂ ಸೂಕ್ಷ್ಮ. 1.1 ಕ್ವಿಂಟಲ್‌ಗೆ 2.2 ಕ್ವಿಂಟಲ್ ಕೂಡಿಸಿದರೆ ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್ ಎರಡೂ 3.3000000000000003 ಎನ್ನುತ್ತವೆ, ಏಕೆಂದರೆ ಈ ಸಂಖ್ಯೆಗಳನ್ನು ದ್ವಿಮಾನದಲ್ಲಿ ಪೂರ್ಣವಾಗಿ ಬರೆಯಲು ಆಗುವುದಿಲ್ಲ. ಕಟ್ಟುನಿಟ್ಟಿನ ಹೋಲಿಕೆ ಇಲ್ಲಿ ಫೇಲ್ ಆಗುತ್ತದೆ. ಆಗ ಎಲ್ಲರೂ ಕೈ ಹಾಕುವುದು ಅಂದಾಜು ಹೋಲಿಕೆಗೆ, ಮತ್ತು ಅದರ ಡೀಫಾಲ್ಟ್ ಬೆಲೆಯನ್ನು ನೋಡುವವರು ಕಡಿಮೆ. ಜೆಸ್ಟ್‌ನ ‘ಟು ಬಿ ಕ್ಲೋಸ್ ಟು’ ಏನನ್ನೂ ಹೇಳದಿದ್ದರೆ ಎರಡು ದಶಮಾಂಶ ಸ್ಥಾನ ಎಂದು ಭಾವಿಸಿ 0.005ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಒಪ್ಪುತ್ತದೆ. ಕ್ವಿಂಟಲ್ ಲೆಕ್ಕದಲ್ಲಿ ಅದು ಅರ್ಧ ಕಿಲೋ, 2,400ರ ದರದಲ್ಲಿ 12 ರೂಪಾಯಿ. ಪೈಟೆಸ್ಟ್‌ನ ‘ಅಪ್ರಾಕ್ಸ್’ ಇನ್ನೊಂದು ಬಗೆಯದು: ಅದರ ಸಹನೆ ಬರಬೇಕಾದ ಮೌಲ್ಯದ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಪಟ್ಟಿಗೆ ಅದು ಪೈಸೆಯ ಮಾತು, ಆದರೆ ಒಂದು ಕೋಟಿ ರೂಪಾಯಿಯ ವಹಿವಾಟಿನ ಮೊತ್ತಕ್ಕೆ ಅದೇ ಸಹನೆ 10 ರೂಪಾಯಿ ಆಗುತ್ತದೆ. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ, ತೂಕವನ್ನು ಗ್ರಾಂಗಳ ಪೂರ್ಣಾಂಕವಾಗಿ ಇಟ್ಟುಕೊಂಡರೆ ಅಂದಾಜು ಹೋಲಿಕೆಯ ಅಗತ್ಯವೇ ಬಹುಮಟ್ಟಿಗೆ ಇರುವುದಿಲ್ಲ. ಜಾವಾಸ್ಕ್ರಿಪ್ಟ್ ಪೂರ್ಣಾಂಕಗಳನ್ನು 9,007,199,254,740,991ರವರೆಗೆ ತಪ್ಪಿಲ್ಲದೆ ಹಿಡಿಯುತ್ತದೆ. ಪೈಸೆಯ ಲೆಕ್ಕದಲ್ಲಿ ಅದು ಸುಮಾರು 90 ಲಕ್ಷ ಕೋಟಿ ರೂಪಾಯಿ, ಯಾವ ಯಾರ್ಡಿಗೂ ಸಾಲುತ್ತದೆ. ಜಾವಾದಲ್ಲಿ ತೊಂದರೆ ಉಲ್ಟಾ: ‘ಬಿಗ್ ಡೆಸಿಮಲ್’ನ ಸಮಾನತೆಯ ಪರೀಕ್ಷೆ 2400.0 ಮತ್ತು 2400.00 ಬೇರೆಬೇರೆ ಎನ್ನುತ್ತದೆ. ಮೊತ್ತವನ್ನು ಮಾತ್ರ ನೋಡಬೇಕಾದಾಗ ಅಸರ್ಟ್‌ಜೆಯ ‘ಈಸ್ ಈಕ್ವಲ್ ಬೈ ಕಂಪೇರಿಂಗ್ ಟು’ ಬಳಸಬೇಕು.

ಕನ್ನಡದಲ್ಲಿ ದತ್ತಾಂಶ ಇಟ್ಟುಕೊಳ್ಳುವವರು ತಪ್ಪದೆ ತಿಳಿದಿರಬೇಕಾದ ಸಂಗತಿಯೊಂದು ಇಲ್ಲಿದೆ. ಹೊನ್ನಾಳಿ, ಮಾಯಕೊಂಡ ಎಂಬ ಹೆಸರುಗಳಲ್ಲಿರುವ ಒತ್ವದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಆನಗೋಡಿನ ಓತ್ವಕ್ಕೆ ಮೂರು ಸಂಕೇತಗಳವರೆಗೂ ಬೇಕಾಗಬಹುದು. ಪರದೆಯ ಮೇಲೆ ಎಲ್ಲವೂ ಒಂದೇ ರೀತಿ ಕಾಣುತ್ತವೆ, ಆದರೆ ಅಸರ್ಷನ್ ಲೈಬ್ರರಿ ಹೋಲಿಸುವುದು ಸಂಕೇತಗಳನ್ನು. ಟೆಸ್ಟ್ ಫೇಲ್ ಆಗಿ, ಬರಬೇಕಾದದ್ದು ಹೊನ್ನಾಳಿ, ಬಂದದ್ದು ಹೊನ್ನಾಳಿ ಎಂಬ ವರದಿ ಬಂದರೆ ಕಾರಣ ಬಹುಶಃ ಇದು. ಜೆಸ್ಟ್ ಮತ್ತು ವಿಟೆಸ್ಟ್‌ಗಳಲ್ಲಿ ನಮ್ಮದೇ ಹೋಲಿಕೆಯ ನಿಯಮವನ್ನು ಸೇರಿಸಲು ‘ಆ್ಯಡ್ ಈಕ್ವಾಲಿಟಿ ಟೆಸ್ಟರ್ಸ್’ ಎಂಬ ಸೌಲಭ್ಯವಿದೆ. ಎರಡೂ ಕಡೆಯ ಪಠ್ಯವನ್ನು, ಸಂಕೇತಗಳನ್ನು ಕೂಡಿಸಿ ಬರೆಯುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದು ಹೋಲಿಸುವ ನಿಯಮ ಸೇರಿಸಿದರೆ ಟೆಸ್ಟ್ ಪಾಸ್ ಆಗುತ್ತದೆ. ಆದರೆ ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಡೇಟಾಬೇಸ್‌ನಲ್ಲಿ ಎರಡು ಬಗೆಯ ಹೊನ್ನಾಳಿ ಸೇರಿಕೊಂಡರೆ ಊರಿನ ಹೆಸರಿನಲ್ಲಿ ಹುಡುಕುವಾಗ ಅರ್ಧ ರೈತರು ಸಿಗುವುದೇ ಇಲ್ಲ. ಟೆಸ್ಟ್ ಎತ್ತಿ ತೋರಿಸಿದ್ದು ನಿಜವಾದ ದೋಷವನ್ನೇ. ಪಠ್ಯವನ್ನು ಸ್ವೀಕರಿಸುವ ಜಾಗದಲ್ಲಿಯೇ ಎನ್‌ಎಫ್‌ಸಿಗೆ ಪರಿವರ್ತಿಸಿ, ಹೋಲಿಕೆಯನ್ನು ಕಟ್ಟುನಿಟ್ಟಾಗಿಯೇ ಉಳಿಸಿಕೊಳ್ಳಬೇಕು. ‘ಕುಮಾರ್’ ಎಂಬಂಥ ಹೆಸರುಗಳ ಕೊನೆಯಲ್ಲಿ ಅಡಗಿ ಕೂರುವ ಶೂನ್ಯ ಅಗಲದ ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕತ್ತರಿಸಬೇಕು.

ಲೈಬ್ರರಿಯ ಕಡೆಯಿಂದ ಮಾಡಬೇಕಾದ ಕೆಲಸ ವರದಿಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು. ‘ಎಕ್ಸ್‌ಪೆಕ್ಟ್ ಎಕ್ಸ್‌ಟೆಂಡ್’ ಮೂಲಕ ಕನ್ನಡ ಪಠ್ಯಕ್ಕೆಂದೇ ಒಂದು ಮ್ಯಾಚರ್ (ಹೋಲಿಸುವ ಫಂಕ್ಷನ್) ಬರೆದು, ಫೇಲ್ ಆದಾಗ ಪ್ರತಿ ಅಕ್ಷರದ ಸಂಕೇತ ಸಂಖ್ಯೆಯನ್ನೂ ಮುದ್ರಿಸುವಂತೆ ಮಾಡಿದರೆ ಗಂಟೆಗಟ್ಟಲೆ ಹುಡುಕಾಟ ಉಳಿಯುತ್ತದೆ. ಜೆಸ್ಟ್‌ನಲ್ಲಿ ಇಂಥ ಮ್ಯಾಚರ್ ಇರುವ ಫೈಲನ್ನು ‘ಸೆಟಪ್ ಫೈಲ್ಸ್ ಆಫ್ಟರ್ ಎನ್ವ್’ ಎಂಬ ಪಟ್ಟಿಯಲ್ಲಿ ಸೇರಿಸಬೇಕು. ಬರಿಯ ‘ಸೆಟಪ್ ಫೈಲ್ಸ್’ನಲ್ಲಿ ಹಾಕಿದರೆ, ಆ ಹೊತ್ತಿಗೆ ‘ಎಕ್ಸ್‌ಪೆಕ್ಟ್’ ಇನ್ನೂ ಸಿದ್ಧವಾಗಿರುವುದಿಲ್ಲ.

ಪೈಟೆಸ್ಟ್ ಮತ್ತು ಜಾವಾದ ಕೆಲವು ಮಾತು

ಪೈಟೆಸ್ಟ್ ಭಾಷೆಯ ಸ್ವಂತ ‘ಅಸರ್ಟ್’ ಹೇಳಿಕೆಯನ್ನೇ ಬಳಸುತ್ತದೆ. ಸಾಮಾನ್ಯವಾಗಿ ಆ ಹೇಳಿಕೆ ಸುಳ್ಳಾದರೆ ಪೈಥಾನ್ ಯಾವ ಮೌಲ್ಯಗಳಿದ್ದವು ಎಂದು ಹೇಳುವುದಿಲ್ಲ. ಅದಕ್ಕಾಗಿ ಪೈಟೆಸ್ಟ್ ಟೆಸ್ಟ್ ಫೈಲ್‌ಗಳನ್ನು ಆಮದು ಮಾಡಿಕೊಳ್ಳುವಾಗಲೇ ಅವುಗಳ ವಾಕ್ಯರಚನಾ ವೃಕ್ಷವನ್ನು ತಿದ್ದಿ, ಪ್ರತಿ ಅಸರ್ಟ್ ಅನ್ನೂ ಮೌಲ್ಯಗಳನ್ನು ವಿವರಿಸುವ ಕೋಡ್ ಆಗಿ ಮಾರ್ಪಡಿಸುತ್ತದೆ. ಈ ತಿದ್ದುಪಡಿ ಟೆಸ್ಟ್ ಫೈಲ್‌ಗಳಿಗೆ, ‘ಕಾನ್ಫ್‌ಟೆಸ್ಟ್’ ಎಂಬ ಸೆಟಪ್ ಫೈಲಿಗೆ ಮತ್ತು ಪ್ಲಗಿನ್‌ಗಳಿಗೆ ಮಾತ್ರ. ಹಲವು ಟೆಸ್ಟ್‌ಗಳಿಗೆ ಬೇಕಾದ ಪರಿಶೀಲನೆಯನ್ನು ಬೇರೆ ಸಹಾಯಕ ಫೈಲಿನಲ್ಲಿ ಬರೆದರೆ ಅಲ್ಲಿನ ಅಸರ್ಟ್‌ಗಳಿಗೆ ವಿವರ ಸಿಗುವುದಿಲ್ಲ. ಅಷ್ಟೇ ಅಲ್ಲ, ಪೈಥಾನ್ ಅನ್ನು ಆಪ್ಟಿಮೈಸ್ ಆಯ್ಕೆಯೊಂದಿಗೆ ಓಡಿಸಿದರೆ ತಿದ್ದುಪಡಿಯಾಗದ ಅಸರ್ಟ್‌ಗಳು ಕೋಡ್‌ನಿಂದಲೇ ಮಾಯವಾಗುತ್ತವೆ. ಪೈಟೆಸ್ಟ್ ಆಗ ಎಚ್ಚರಿಕೆ ಕೊಡುತ್ತದೆ, ಆದರೆ ಟೆಸ್ಟ್ ಮಾತ್ರ ಹಸಿರಾಗಿಯೇ ಇರುತ್ತದೆ. ‘ಕಾನ್ಫ್‌ಟೆಸ್ಟ್’ನಲ್ಲಿ, ಸಹಾಯಕ ಫೈಲನ್ನು ಆಮದು ಮಾಡಿಕೊಳ್ಳುವುದಕ್ಕೆ ಮೊದಲು, ‘ರಿಜಿಸ್ಟರ್ ಅಸರ್ಟ್ ರೀರೈಟ್’ ಎಂಬ ಫಂಕ್ಷನ್‌ಗೆ ಅದರ ಹೆಸರು ಕೊಟ್ಟರೆ ಎರಡೂ ತೊಂದರೆ ಪರಿಹಾರವಾಗುತ್ತವೆ. ಜಾವಾದ ‘ಅಸರ್ಟ್’ ಕೀವರ್ಡ್ ಕೂಡ ಹೀಗೆಯೇ ಡೀಫಾಲ್ಟ್ ಆಗಿ ನಿಷ್ಕ್ರಿಯ. ಜಾವಾ ಪ್ರಾಜೆಕ್ಟ್ ಕಟ್ಟುವ ಮೇವೆನ್‌ನಲ್ಲಿ ಟೆಸ್ಟ್ ಓಡಿಸುವ ಶ್ಯೂರ್‌ಫೈರ್ ಅದನ್ನು ತಾನಾಗಿ ಚಾಲೂ ಮಾಡುತ್ತದೆಂದು ಎಲ್ಲ ಕಡೆಯೂ ಚಾಲೂ ಇರುತ್ತದೆ ಎಂದುಕೊಳ್ಳಬಾರದು.

ಜಾವಾದಲ್ಲಿ ಫಂಕ್ಷನ್‌ಗೆ ಕೊಡುವ ಮೌಲ್ಯಗಳ ಕ್ರಮವನ್ನೂ ನೋಡಿಕೊಳ್ಳಬೇಕು. ಜೆಯೂನಿಟ್‌ನಲ್ಲಿ ಬರಬೇಕಾದ ಮೌಲ್ಯ ಮೊದಲು, ಜಾವಾದ ಇನ್ನೊಂದು ಫ್ರೇಮ್‌ವರ್ಕ್ ಆದ ಟೆಸ್ಟ್‌ಎನ್‌ಜಿಯಲ್ಲಿ ಬಂದ ಮೌಲ್ಯ ಮೊದಲು. ಜೆಯೂನಿಟ್ 4ರಲ್ಲಿ ಸಂದೇಶ ಮೊದಲ ಸ್ಥಾನದಲ್ಲಿತ್ತು, 5ರಲ್ಲಿ ಕೊನೆಗೆ ಹೋಯಿತು. ಮೂರೂ ಅಕ್ಷರಸಾಲುಗಳಾಗಿದ್ದರೆ ಹಳೆಯ ಕೋಡ್ ತಕರಾರಿಲ್ಲದೆ ಕಂಪೈಲ್ ಆಗಿ, ಸಂದೇಶವನ್ನೇ ಮೌಲ್ಯವೆಂದು ತಿಳಿದು ಹೋಲಿಸುತ್ತದೆ. ಅಸರ್ಟ್‌ಜೆಯ ‘ಅಸರ್ಟ್ ದಟ್’ಗೆ ಮೌಲ್ಯವನ್ನಷ್ಟೇ ಕೊಟ್ಟು ಮುಂದಿನ ಪರೀಕ್ಷೆಯನ್ನು ಬರೆಯಲು ಮರೆತರೆ ಅಲ್ಲಿ ಏನೂ ನಡೆಯುವುದಿಲ್ಲ.

ಸೆಟ್ಟಿಂಗ್‌ಗಳನ್ನು ಬೇಕೆಂದೇ ಕೆಡವಿ ನೋಡುವುದು

ಇಷ್ಟೆಲ್ಲ ಹೊಂದಿಸಿದ ಮೇಲೆ ಹೊಂದಿಕೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಅಸರ್ಷನ್ ಇಲ್ಲದ ಟೆಸ್ಟ್‌ಗಳನ್ನು ಹಿಡಿಯಲು ಜೆಸ್ಟ್‌ನಲ್ಲಿ ‘ಹ್ಯಾಸ್ ಅಸರ್ಷನ್ಸ್’ ಇದೆ. ಅದನ್ನು ಸೆಟಪ್ ಫೈಲಿನಲ್ಲಿ ಪ್ರತಿ ಟೆಸ್ಟ್‌ಗೂ ಮೊದಲು ಓಡುವಂತೆ ಬರೆಯಬಹುದು. ವಿಟೆಸ್ಟ್‌ನಲ್ಲಿ ‘ರಿಕ್ವೈರ್ ಅಸರ್ಷನ್ಸ್’ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಸಾಕು. ಅಸರ್ಷನ್ ಇದ್ದರೂ ಅದು ಸಡಿಲವಾಗಿದ್ದರೆ ಇವು ಹಿಡಿಯಲಾರವು. ಅದಕ್ಕಾಗಿ ಸ್ಟ್ರೈಕರ್, ಪಿಟ್ ಮುಂತಾದ ಮ್ಯುಟೇಷನ್ ಟೆಸ್ಟಿಂಗ್ ಸಾಧನಗಳಿವೆ. ಅವು ನಮ್ಮ ಕೋಡ್‌ನಲ್ಲಿ ಕೂಡುವ ಕಡೆ ಕಳೆದು, ಶೇ 14ರ ಮಿತಿಯ ಹೋಲಿಕೆಯನ್ನು ತಿರುಗಿಸಿ, ಯಾವ ಟೆಸ್ಟೂ ಗಮನಿಸದೆ ಬಿಟ್ಟ ಬದಲಾವಣೆಗಳ ವರದಿ ಕೊಡುತ್ತವೆ. ಓಡಲು ಹೆಚ್ಚು ಹೊತ್ತು ಹಿಡಿಯುವುದರಿಂದ ಹಣ ಲೆಕ್ಕ ಹಾಕುವ ಭಾಗಕ್ಕೆ ಮಾತ್ರ ಸೀಮಿತಗೊಳಿಸಿದರೂ ಪ್ರಯೋಜನವಿದೆ.

ಇದಕ್ಕಿಂತ ಸರಳವಾದ, ಯಾವ ಹೊಸ ಸಾಧನವೂ ಬೇಡದ ಕ್ರಮ ಇನ್ನೊಂದಿದೆ. ಸೆಟಪ್ ಫೈಲಿನ ಪಕ್ಕದಲ್ಲಿ, ಮಾಮೂಲಿ ಓಟಕ್ಕೆ ಸೇರದ ಒಂದು ಫೋಲ್ಡರಿನಲ್ಲಿ, ಖಂಡಿತ ಫೇಲ್ ಆಗಲೇಬೇಕಾದ ಟೆಸ್ಟ್‌ಗಳನ್ನು ಬರೆದಿಡಬೇಕು. ಸಂಖ್ಯೆಯ 2400ಕ್ಕೆ ಅಕ್ಷರಸಾಲಿನ 2400 ಸಮ ಎನ್ನುವುದು, ಕಡಿತ ‘ಅನ್‌ಡಿಫೈನ್ಡ್’ ಆಗಿರುವ ಪಟ್ಟಿ ಕಡಿತವೇ ಇಲ್ಲದ ಪಟ್ಟಿಗೆ ಸಮ ಎನ್ನುವುದು, ಅರ್ಧ ಕಿಲೋಗಿಂತ ತುಸು ಕಡಿಮೆ ತಪ್ಪಿದ ತೂಕ ಸರಿ ಎನ್ನುವುದು, ಬಿಡಿಸಿ ಬರೆದ ಹೊನ್ನಾಳಿ ಕೂಡಿಸಿ ಬರೆದ ಹೊನ್ನಾಳಿಗೆ ಸಮ ಎನ್ನುವುದು, ಅಕ್ಷರ ತಪ್ಪಿದ ‘ಟ್ರೂ’. ಲೈಬ್ರರಿಯ ಆವೃತ್ತಿ ಬದಲಿಸಿದಾಗ, ಫ್ರೇಮ್‌ವರ್ಕ್ ಬದಲಿಸಿದಾಗ ಅಥವಾ ಸೆಟಪ್ ಫೈಲಿನ ಒಂದು ಸಾಲನ್ನಾದರೂ ಮುಟ್ಟಿದಾಗ ಮೊದಲು ಈ ಫೋಲ್ಡರನ್ನು ಓಡಿಸಿ, ಪ್ರತಿಯೊಂದರ ಸಂದೇಶವನ್ನೂ ಓದಬೇಕು. ಅವುಗಳಲ್ಲಿ ಒಂದೇ ಒಂದು ಪಾಸ್ ಆದರೂ, ಅದಕ್ಕೆ ಕಾರಣವಾದ ಸೆಟ್ಟಿಂಗ್ ಸಿಗುವವರೆಗೆ ಹೊಸ ಆವೃತ್ತಿಯನ್ನು ಪ್ರಾಜೆಕ್ಟಿನೊಳಗೆ ಬಿಡಬಾರದು.